ಕೋರ್ಟಜ್ಜಿ ಯಾರು? ಪಹಣಿ, ಹಳೇ ತೀರ್ಪು ಮತ್ತು ನಮ್ಮನೆಯ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತು ಒಂದು ಸಣ್ಣ ಟೆಸ್ಟ್‌ನಿಂದ ಶುರು ಮಾಡೋಣ.

ನಿಮ್ಮ ತಂದೆಯ ತಂದೆ ಹೆಸರೇನು? ಇದು ಸುಲಭ. ಅವರ ತಂದೆಯ ಹೆಸರು? ಸ್ವಲ್ಪ ಯೋಚನೆ ಮಾಡಿ ಹೇಳ್ತೀರ. ಅವರ ತಾಯಿಯ ಹೆಸರು? ಇಲ್ಲಿಗೆ ಬಹಳ ಜನ ಸುಮ್ಮನಾಗ್ತಾರೆ. ಮೂರೇ ತಲೆಮಾರು ಹಿಂದಕ್ಕೆ ಹೋಗಿದ್ದೀವಿ, ಸುಮಾರು ನೂರು ವರ್ಷ. ಹೊಯ್ಸಳರ ವಿಷ್ಣುವರ್ಧನನ ರಾಣಿ ಶಾಂತಲೆ ಅಂತ ಪಟ್ ಅಂತ ಹೇಳ್ತೀವಿ. ನಮ್ಮದೇ ಮುತ್ತಜ್ಜಿಯ ಹೆಸರು ಗೊತ್ತಿಲ್ಲ.

ರಾಜರ ಇತಿಹಾಸ ಕಲ್ಲಿನ ಮೇಲಿದೆ, ತಾಮ್ರದ ಮೇಲಿದೆ. ನಮ್ಮ ನಿಮ್ಮಂಥವರ ಮನೆತನದ ಇತಿಹಾಸ ಎಲ್ಲಿದೆ? ಮುಖ್ಯವಾಗಿ ಎರಡು ಕಡೆ. ಒಂದು, ಕಂದಾಯ ಇಲಾಖೆ. ಇನ್ನೊಂದು, ಕೋರ್ಟು. ಯಾರ ಹತ್ತಿರ ಎಷ್ಟು ಕಂದಾಯ ವಸೂಲಿ ಮಾಡಬೇಕು ಅಂತ ಸರ್ಕಾರಕ್ಕೆ ಗೊತ್ತಿರಬೇಕಿತ್ತು, ಅದಕ್ಕೆ ಬರೆದಿಟ್ಟುಕೊಂಡ್ರು. ಅಣ್ಣತಮ್ಮಂದಿರು ಜಗಳ ಆಡಿದ್ರು, ಅದಕ್ಕೆ ಕೋರ್ಟು ಬರೆದಿಟ್ಟುಕೊಳ್ತು. ನಮ್ಮ ಹಿರಿಯರ ಬಗ್ಗೆ ಪ್ರೀತಿಯಿಂದ ಯಾರೂ ಬರೀಲಿಲ್ಲ. ತೆರಿಗೆ ಮತ್ತು ತಕರಾರು, ಈ ಎರಡು ಕಾರಣಕ್ಕೆ ಬರೆದ್ರು.

ಈ ಸಂಚಿಕೆಯಲ್ಲಿ ಆ ಎರಡೂ ದಾಖಲೆಗಳನ್ನ ಓದೋದು ಹೇಗೆ ಅಂತ ಹೇಳ್ತೀನಿ. ಜೊತೆಗೆ, ಅವುಗಳನ್ನ ಓದಿ ನಮ್ಮ ಮನೆಯಲ್ಲಿ ಏನಾಯ್ತು ಅನ್ನೋದನ್ನೂ ಹೇಳ್ತೀನಿ. ಊರಿನ ಹೆಸರು, ಜನರ ಹೆಸರು ಹೇಳಲ್ಲ. ಮನೆಯವರಿಗೆ ಮಾತು ಕೊಟ್ಟಿದ್ದೀನಿ. ಹಳೇ ಮೈಸೂರು ಭಾಗದ ಒಂದು ಹಳ್ಳಿ ಅಂತ ಇಟ್ಕೊಳ್ಳಿ ಸಾಕು.

ಪಹಣಿ ಒಂದು ಲೆಡ್ಜರ್

ನಾನು ಓದಿದ್ದು ಬಿ.ಕಾಂ. ಇತಿಹಾಸ ಓದಿದವಳಲ್ಲ, ಕಾನೂನೂ ಓದಿಲ್ಲ. ಆದ್ರೆ ಮೊದಲ ಸಲ ಮ್ಯುಟೇಷನ್ ರಿಜಿಸ್ಟರ್ ನೋಡಿದಾಗ ಇದೆಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸ್ತು. ಕಾಮರ್ಸ್‌ನವರಿಗೆ ಗೊತ್ತು: ವ್ಯವಹಾರ ನಡೆದ ದಿನ ಜರ್ನಲ್‌ನಲ್ಲಿ ಎಂಟ್ರಿ ಹಾಕ್ತೀವಿ, ಕೆಳಗೆ ಯಾಕೆ ಏನು ಅಂತ ಒಂದು ಸಾಲು ವಿವರ ಬರೀತೀವಿ. ಆಮೇಲೆ ಅದನ್ನ ಲೆಡ್ಜರ್‌ಗೆ ಹಾಕ್ತೀವಿ. ಭೂದಾಖಲೆಯಲ್ಲೂ ಹಾಗೇ. ಮ್ಯುಟೇಷನ್ ರಿಜಿಸ್ಟರ್, ಅಂದ್ರೆ ಎಂ.ಆರ್., ಅದು ಜರ್ನಲ್. ಪಹಣಿ, ಅಂದ್ರೆ ಆರ್.ಟಿ.ಸಿ., ಅದು ಲೆಡ್ಜರ್. ಪಹಣಿಯಲ್ಲಿ ಇವತ್ತಿನ ಬ್ಯಾಲೆನ್ಸ್ ಸಿಗುತ್ತೆ. ಕಥೆ ಸಿಗೋದು ಎಂ.ಆರ್.ನಲ್ಲಿ.

ನಿಮ್ಮ ಮನೆಯ ಪಹಣಿ ತೆಗೆದು ನೋಡಿ. 9ನೇ ಕಲಂನಲ್ಲಿ ಖಾತೆದಾರರ ಹೆಸರು ಮತ್ತು ವಿಸ್ತೀರ್ಣ. 10ನೇ ಕಲಂನಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅನ್ನೋದು: ಕ್ರಯ, ವಿಭಾಗ, ದಾನ, ಪೌತಿ, ಕೋರ್ಟ್ ಆದೇಶ. ಪೌತಿ ಅಂದ್ರೆ ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದಿದ್ದು. ಅದರ ಪಕ್ಕ ಒಂದು ಎಂ.ಆರ್. ನಂಬರ್ ಇರುತ್ತೆ. ಆ ನಂಬರೇ ಹಿಂದಕ್ಕೆ ಹೋಗೋ ಮೆಟ್ಟಿಲು. 11ನೇ ಕಲಂನಲ್ಲಿ ಸಾಲ, ಅಡಮಾನ, ಇತರ ಹಕ್ಕುಗಳು. 12ನೇ ಕಲಂನಲ್ಲಿ ಸಾಗುವಳಿ ಯಾರು ಮಾಡ್ತಿದ್ದಾರೆ, ಏನು ಬೆಳೆ. ಈ 12ನೇ ಕಲಂ ಬಗ್ಗೆ ಆಮೇಲೆ ಮಾತಾಡೋಣ. ಕರ್ನಾಟಕದಲ್ಲಿ ಎಷ್ಟೋ ಕುಟುಂಬಗಳ ಹಣೆಬರಹ ಬದಲಾಗಿದ್ದು ಆ ಒಂದು ಕಲಂನಿಂದ.

ಕಂಪ್ಯೂಟರ್ ಪಹಣಿ ಬಂದಿದ್ದು ‘ಭೂಮಿ’ ಯೋಜನೆಯಲ್ಲಿ, 2000ದ ಸುಮಾರಿಗೆ. ಸುಮಾರು 2 ಕೋಟಿ ಪಹಣಿಗಳನ್ನ ಕೈಬರಹದಿಂದ ಕಂಪ್ಯೂಟರ್‌ಗೆ ಹಾಕಿದ್ರು. ಹಾಗಾಗಿ ಮೊಬೈಲ್‌ನಲ್ಲಿ ಕೂತಲ್ಲೇ ಹುಡುಕಿದ್ರೆ ಅಲ್ಲಿಗೆ ಬಂದು ನಿಲ್ತೀರ. ಅದಕ್ಕಿಂತ ಹಿಂದಿನದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್‌ಗೆ ಅರ್ಜಿ ಕೊಡಬೇಕು. ಕೈಬರಹದ ಪಹಣಿ, ಹಳೇ ಎಂ.ಆರ್., ಹಳೇ ಮೈಸೂರು ಭಾಗದಲ್ಲಿ ‘ಇಂಡೆಕ್ಸ್ ಆಫ್ ಲ್ಯಾಂಡ್ಸ್’ ಮತ್ತು ‘ರೆಕಾರ್ಡ್ ಆಫ್ ರೈಟ್ಸ್’ ಅನ್ನೋ ಪುಸ್ತಕಗಳು. ಸರ್ವೆ ಕಚೇರಿಯಲ್ಲಿ ಟಿಪ್ಪಣಿ, ಆಕಾರ್‌ಬಂದ್, ಗ್ರಾಮನಕ್ಷೆ.

ಇವುಗಳ ಬೇರು ಇರೋದು 1860ರ ದಶಕದಲ್ಲಿ. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಬಾಂಬೆ ಪ್ರಾಂತ್ಯದ ಪದ್ಧತಿಯಲ್ಲಿ ರೆವಿನ್ಯೂ ಸರ್ವೆ ಶುರುವಾಯ್ತು. 33 ಅಡಿ ಉದ್ದದ ಸರಪಳಿ ಎಳೆದು ಅಳತೆ. 33 ಅಡಿಗೆ 33 ಅಡಿ ಅಂದ್ರೆ ಒಂದು ಗುಂಟೆ, 1089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಸೈಟು ಕೊಳ್ಳುವಾಗ ನಾವು ಬಾಯಲ್ಲಿ ಹೇಳೋ ಗುಂಟೆ ಲೆಕ್ಕ ಆ ಸರಪಳಿಯದ್ದು. ಪ್ರತಿ ಜಮೀನಿಗೂ ಸರ್ವೆ ನಂಬರ್ ಬಂತು. ಜಮೀನು ಖುಷ್ಕಿಯೋ, ತರಿಯೋ, ಬಾಗಾಯ್ತೋ ಅಂತ ವಿಂಗಡಣೆ ಆಯ್ತು. ಮನುಷ್ಯರ ಹೆಸರು ಬದಲಾಗುತ್ತೆ, ಇನಿಷಿಯಲ್ ಬದಲಾಗುತ್ತೆ, ಸರ್ವೆ ನಂಬರ್ ಬದಲಾಗೋದು ಅಪರೂಪ. ಪಾಲಾದಾಗ 45 ಅನ್ನೋದು 45/1, 45/2 ಆಗುತ್ತೆ ಅಷ್ಟೆ. ಅದಕ್ಕೇ ಮನೆತನ ಹುಡುಕುವಾಗ ಜನರ ಹೆಸರು ಹಿಡಿದು ಹೋಗಬೇಡಿ, ಸರ್ವೆ ನಂಬರ್ ಹಿಡಿದು ಹೋಗಿ.

ಒಂದು ಎಂಟ್ರಿ

ನಮ್ಮ ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ಪೇಪರ್ ವ್ಯವಹಾರ ನಿನಗೆ ಗೊತ್ತಾಗುತ್ತೆ ಅಂತ ಆ ಕೆಲಸ ನನಗೆ ಬಿತ್ತು. ನಾನು ಬೇಕಾದ್ದಕ್ಕಿಂತ ಜಾಸ್ತಿ ಹಳೇ ದಾಖಲೆ ಕೇಳೋಕೆ ಶುರು ಮಾಡಿದಾಗ ದೊಡ್ಡಪ್ಪ ಫೋನ್ ಮಾಡಿದ್ರು. “ಏನಮ್ಮಾ, ನೀನೂ ಪಾಲು ಕೇಳೋ ಪ್ಲಾನಾ?” ನಗ್ತಾನೇ ಕೇಳಿದ್ರು, ಆದ್ರೆ ಪೂರ್ತಿ ನಗು ಅಲ್ಲ. ಹಳೇ ಕಾಗದ ಕೇಳೋ ಹೆಣ್ಣುಮಗಳು ಅಂದ್ರೆ ಯಾವ ಮನೆಯಲ್ಲೂ ಸ್ವಲ್ಪ ಗಾಬರಿ.

ಐದಾರು ವಾರ ಓಡಾಡಿದ ಮೇಲೆ ರೆಕಾರ್ಡ್ ಆಫ್ ರೈಟ್ಸ್‌ನ ಒಂದು ನಕಲು ಸಿಕ್ತು. ನಮ್ಮ ಕೆರೆ ಕೆಳಗಿನ ತರಿ ಜಮೀನಿನಲ್ಲಿ 20 ಗುಂಟೆ, ಒಬ್ಬ ಹೆಂಗಸಿನ ಹೆಸರಲ್ಲಿ. ಹೆಸರು, ಅದರ ಮುಂದೆ ‘ಕೋಂ’, ಆಮೇಲೆ ನಮ್ಮ ಮುತ್ತಜ್ಜನ ತಮ್ಮನ ಹೆಸರು. ಹಳೇ ಕಾಗದದಲ್ಲಿ ‘ಬಿನ್’ ಅಂದ್ರೆ ಇಂಥವರ ಮಗ, ‘ಕೋಂ’ ಅಂದ್ರೆ ಇಂಥವರ ಹೆಂಡತಿ. ಹಕ್ಕು ಹೇಗೆ ಬಂತು ಅನ್ನೋ ಕಡೆ ‘ಕೋರ್ಟ್ ರಾಜಿ ಡಿಕ್ರಿ ಪ್ರಕಾರ’ ಅಂತ ಬರೆದು, ದಾವಾ ನಂಬರ್ ಮತ್ತು ಇಸವಿ ಇತ್ತು. ಕೆಳಗೆ 1951ರಲ್ಲಿ ಇನ್ನೊಂದು ಎಂಟ್ರಿ: ಸದರಿಯವರು ಮರಣ ಹೊಂದಿದ್ದರಿಂದ ಖಾತೆ ನಮ್ಮ ಮುತ್ತಜ್ಜನ ಹೆಸರಿಗೆ.

ಆ ಹೆಸರನ್ನ ನಮ್ಮ ಮನೆಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಆದ್ರೆ ಆ ಮನುಷ್ಯರ ಬಗ್ಗೆ ಕೇಳಿದ್ದೆ. ನಮ್ಮನೆಯಲ್ಲಿ ಅವರಿಗೆ ‘ಕೋರ್ಟಜ್ಜಿ’ ಅಂತಿದ್ರು. ಮಕ್ಕಳಿಲ್ಲದ ವಿಧವೆ, ಊರಿನವರ ಮಾತು ಕೇಳಿ ಭಾವನ ಮೇಲೆ ಕೇಸು ಹಾಕಿದವಳು, ಮನೆ ಒಡೆದವಳು. ಯಾರಾದ್ರೂ ಹುಡುಗಿ ಜಾಸ್ತಿ ವಾದ ಮಾಡಿದ್ರೆ “ಒಳ್ಳೆ ಕೋರ್ಟಜ್ಜಿ ಹಾಗೆ ಆಡ್ತಾಳೆ” ಅನ್ನೋದು ರೂಢಿ. ನನಗೂ ಸಾಕಷ್ಟು ಸಲ ಅಂದಿದ್ದಾರೆ. ಬೈಗುಳ ಉಳಿದಿತ್ತು, ಹೆಸರು ಹೋಗಿತ್ತು.

1933ರ ಕಾನೂನು

ದಾವಾ ನಂಬರ್ ಸಿಕ್ಕಿದ ಮೇಲೆ ಕೋರ್ಟಿನ ನಕಲು ಶಾಖೆಗೆ ಅರ್ಜಿ. ಕೇಸಿನಲ್ಲಿ ನಾವು ಪಕ್ಷಗಾರರಲ್ಲದಿದ್ರೆ ಯಾಕೆ ಬೇಕು ಅಂತ ಅಫಿಡವಿಟ್ ಕೊಡಬೇಕಾಗುತ್ತೆ. ಹಳೇ ಕಡತಗಳಲ್ಲಿ ಎಲ್ಲಾ ಕಾಗದ ಇರೋದಿಲ್ಲ, ಅವಧಿ ಮುಗಿದ ಮೇಲೆ ಕೆಲವು ಭಾಗಗಳನ್ನ ನಾಶ ಮಾಡ್ತಾರೆ. ತೀರ್ಪು ಮತ್ತು ಡಿಕ್ರಿಯನ್ನ ಸಾಮಾನ್ಯವಾಗಿ ಉಳಿಸ್ತಾರೆ. ನಮಗೆ ಸಿಕ್ಕಿದ್ದು 1942ರ ಮುನ್ಸೀಫ್ ಕೋರ್ಟಿನ ತೀರ್ಪು, ಮೇಲ್ಮನವಿಯಲ್ಲಿ 1944ರಲ್ಲಿ ಆದ ರಾಜಿ ಡಿಕ್ರಿ.

ಅದನ್ನ ಅರ್ಥ ಮಾಡ್ಕೊಳ್ಳೋಕೆ ಸ್ವಲ್ಪ ಹಿನ್ನೆಲೆ ಬೇಕು. ಆಗಿನ ಹಿಂದೂ ಕಾನೂನಿನಲ್ಲಿ ಒಟ್ಟು ಕುಟುಂಬದ ಆಸ್ತಿ ಗಂಡಸರದ್ದು. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಗಂಡು ಮಕ್ಕಳಿಲ್ಲದೆ ಸತ್ರೆ ಅವನ ಹಕ್ಕು ಬದುಕಿರೋ ಅಣ್ಣನಿಗೆ ಸೇರುತ್ತೆ. ಸತ್ತವನ ಹೆಂಡತಿಗೆ ಊಟ ಬಟ್ಟೆ, ಅಂದ್ರೆ ಜೀವನಾಂಶ. ಅಷ್ಟೇ.

ಇದನ್ನ ಮುರಿದವರಲ್ಲಿ ಮೈಸೂರು ಸಂಸ್ಥಾನ ಮೊದಲ ಸಾಲಿನಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. 1933ರಲ್ಲಿ ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂತು, ಆ ವರ್ಷದ 10ನೇ ಕಾಯ್ದೆ. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದಿದ್ದು 1937ರಲ್ಲಿ. ನಮ್ಮದು ನಾಲ್ಕು ವರ್ಷ ಮುಂಚೆ. ಮೈಸೂರು ಅಂದ ತಕ್ಷಣ ಕನ್ನಂಬಾಡಿ ಕಟ್ಟೆ, ಶಿವನಸಮುದ್ರದ ಕರೆಂಟು ಅಂತ ಹೇಳ್ತೀವಲ್ಲ, ಈ ಕಾಯ್ದೆಯನ್ನೂ ಆ ಪಟ್ಟಿಗೆ ಸೇರಿಸಬೇಕು.

ಆ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಒಟ್ಟು ಕುಟುಂಬ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು. ವಿಧವೆಗೆ ಎಷ್ಟು? ಗಂಡ ಬದುಕಿದ್ದಿದ್ರೆ ಅವನಿಗೆ ಎಷ್ಟು ಬರ್ತಿತ್ತೋ ಅದರಲ್ಲಿ ಅರ್ಧ. ಇಬ್ಬರು ಅಣ್ಣತಮ್ಮಂದಿರು ಅಂದ್ರೆ ಗಂಡನದು ಎಂಟಾಣೆ, ಅವಳದು ನಾಲ್ಕಾಣೆ. ನಮ್ಮ ಕುಟುಂಬದ್ದು ಆಗ 5 ಎಕರೆ. ನಾಲ್ಕಾಣೆ ಅಂದ್ರೆ 1 ಎಕರೆ 10 ಗುಂಟೆ.

ಆದ್ರೆ ಒಂದು ಷರತ್ತು ಇತ್ತು. ಒಬ್ಬ ಸತ್ತ ಮೇಲೆ ಇಡೀ ಆಸ್ತಿ ಉಳಿದಿರೋ ಒಬ್ಬನೇ ಗಂಡಸಿಗೆ ಹೋದ್ರೆ, ವಿಧವೆ ಅವನನ್ನ ಪಾಲು ಕೇಳಬಹುದು. ಇಬ್ಬರು ಅಥವಾ ಜಾಸ್ತಿ ಗಂಡಸರು ಉಳಿದಿದ್ರೆ? ಅವರು ಪಾಲಾಗೋ ತನಕ ಕಾಯಬೇಕು. ಅಲ್ಲಿವರೆಗೂ ಬರೀ ಜೀವನಾಂಶ. ಈ ಸೆಕ್ಷನ್ನಿನ ಅರ್ಥ ಏನು ಅನ್ನೋ ಜಗಳ 1960ರ ದಶಕದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ನಮ್ಮನೆ ಕೇಸು ನಿಂತಿದ್ದೂ ಇದರ ಮೇಲೇ.

ಅಜ್ಜ ಹುಟ್ಟಿದ್ದು ಯಾವಾಗ?

ಕೋರ್ಟಜ್ಜಿಯ ಗಂಡ ತೀರಿಕೊಂಡಿದ್ದು ಧಾತು ಸಂವತ್ಸರದಲ್ಲಿ, ಅಂದ್ರೆ 1936ರಲ್ಲಿ. ಇದರಲ್ಲಿ ಎರಡೂ ಕಡೆಯವರಿಗೆ ತಕರಾರಿಲ್ಲ. ಪ್ರಶ್ನೆ ಇಷ್ಟೇ. ಆ ದಿನ ನಮ್ಮ ಮುತ್ತಜ್ಜನಿಗೆ ಗಂಡು ಮಗು ಇತ್ತೋ ಇಲ್ವೋ? ಮಗು ಹುಟ್ಟಿದ್ರೆ ಮನೆಯಲ್ಲಿ ಗಂಡಸರು ಇಬ್ಬರು, ಅವರಿಗೆ ಪಾಲಿಲ್ಲ. ಹುಟ್ಟಿರದಿದ್ರೆ ಗಂಡಸು ಒಬ್ಬನೇ, ಅವರಿಗೆ ನಾಲ್ಕಾಣೆ.

ಆ ಮಗು ನಮ್ಮಜ್ಜ.

1940ರಲ್ಲಿ ಒಂದು ಕೋರ್ಟ್ ಕೂತು ನಮ್ಮಜ್ಜ ಯಾವಾಗ ಹುಟ್ಟಿದ್ರು ಅಂತ ವಿಚಾರಣೆ ಮಾಡಿದೆ. ಪ್ರತಿವಾದಿ, ಅಂದ್ರೆ ಮುತ್ತಜ್ಜ, ತಮ್ಮ ಜವಾಬಿನಲ್ಲಿ ಹೇಳಿದ್ದು: ಮಗ ಹುಟ್ಟಿದ್ದು ಯುವ ಸಂವತ್ಸರದಲ್ಲಿ. ಅಂದ್ರೆ 1935-36, ತಮ್ಮ ಸಾಯೋಕೆ ಮುಂಚೆ. ವಾದಿ, ಅಂದ್ರೆ ಕೋರ್ಟಜ್ಜಿ, ಹೇಳಿದ್ದು: ಬಹುಧಾನ್ಯದಲ್ಲಿ. ಅಂದ್ರೆ 1938, ಗಂಡ ಸತ್ತು ಒಂದು ವರ್ಷದ ಮೇಲಾದ ನಂತರ.

ತೀರ್ಪು ಇಂಗ್ಲಿಷಿನಲ್ಲಿದೆ. ಜಡ್ಜ್ ಒಬ್ಬೊಬ್ಬ ಸಾಕ್ಷಿ ಏನು ಹೇಳಿದ ಅಂತ ಬರೀತಾ ಹೋಗಿದ್ದಾರೆ. ಮುತ್ತಜ್ಜನ ಕಡೆಯಿಂದ ಒಂದು ಜಾತಕ ಬಂದಿದೆ. ಬರೆದ ಜೋಯಿಸರು ಪಾಟೀಸವಾಲಿನಲ್ಲಿ ಇದು ಮೂಲ ಅಲ್ಲ, ಈಚೆಗೆ ನಕಲು ಮಾಡಿದ್ದು ಅಂತ ಒಪ್ಪಿಕೊಂಡಿದ್ದಾರೆ. ಊರಿನ ಜನನ ರಿಜಿಸ್ಟರ್ ತರಿಸಿದ್ರೆ ಯುವ ಸಂವತ್ಸರದಲ್ಲಿ ಈ ಹೆಸರಿನ ತಂದೆಗೆ ಗಂಡು ಮಗು ಹುಟ್ಟಿದ ನಮೂದು ಇಲ್ಲ. ಆಮೇಲೆ ಸೂಲಗಿತ್ತಿ. ಆಕೆಗೆ ಇಸವಿ ಗೊತ್ತಿಲ್ಲ, ಸಂವತ್ಸರವೂ ಗೊತ್ತಿಲ್ಲ. ಆಕೆ ಹೇಳಿದ್ದು ಒಂದೇ ಮಾತು: ಆ ಮನೆಯ ಚಿಕ್ಕವರ ವರ್ಷದ ತಿಥಿ ಆದ ಮೇಲೆ ಈ ಮಗು ಹುಟ್ಟಿತು, ತಿಥಿ ಊಟಕ್ಕೆ ಹೋದಾಗ ಯಜಮಾನಿ ಇನ್ನೂ ಬಸುರಿ ಆಗಿರಲಿಲ್ಲ.

ಜಡ್ಜ್ ನಂಬಿದ್ದು ಅವರ ಮಾತನ್ನ. ಯಾವ ಕಡೆಯ ಸಂಬಂಧವೂ ಇಲ್ಲದ, ಸುಳ್ಳು ಹೇಳಿ ಏನೂ ಸಿಗದ ಹೆಂಗಸು ಅನ್ನೋದು ಕಾರಣ. ವಾದಿಗೆ ನಾಲ್ಕಾಣೆ ಪಾಲು ಅಂತ ತೀರ್ಪಾಯ್ತು.

ಮುತ್ತಜ್ಜ ಮೇಲ್ಮನವಿ ಹಾಕಿದ್ರು. ಎರಡು ವರ್ಷ ನಡೀತು. 1944ರಲ್ಲಿ ರಾಜಿ. ಅವರಿಗೆ 20 ಗುಂಟೆ ತರಿ, ಬದುಕಿರೋ ತನಕ ಅನುಭವಿಸೋಕೆ ಮಾತ್ರ, ಮಾರೋ ಹಾಗಿಲ್ಲ. ಲೆಕ್ಕ ಹಾಕಿ. ಗೆದ್ದಿದ್ದು 50 ಗುಂಟೆ, ಕೈಗೆ ಬಂದಿದ್ದು 20, ಅದೂ ಸ್ವಂತಕ್ಕಲ್ಲ. ಗೆದ್ದವರು ಯಾಕೆ ಒಪ್ಪಿದ್ರು ಅಂತ ರಾಜಿ ಪತ್ರದಲ್ಲಿ ಇಲ್ಲ. ವಕೀಲರ ಫೀಸು, ಊರಿಂದ ಕೋರ್ಟಿಗೆ ಓಡಾಟ, ಅದೇ ಊರಲ್ಲಿ ಒಂಟಿಯಾಗಿ ಬದುಕಬೇಕಾದ ಕಷ್ಟ, ಇವೆಲ್ಲ ನಾವು ಊಹೆ ಮಾಡ್ಕೋಬಹುದು. ಪತ್ರದ ಕೊನೆಯಲ್ಲಿ ಎರಡು ಗುರುತು. ಮುತ್ತಜ್ಜನ ರುಜು, ಕನ್ನಡದಲ್ಲಿ. ಪಕ್ಕದಲ್ಲಿ ಕೋರ್ಟಜ್ಜಿಯ ಹೆಬ್ಬೆಟ್ಟು.

1951ರಲ್ಲಿ ಅವರು ತೀರಿಕೊಂಡ್ರು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ವಿಧವೆಗೆ ಗಂಡನ ಪಾಲಿನಲ್ಲಿ ಪೂರ್ತಿ ಮಾಲೀಕತ್ವದ ದಾರಿ ತೆರೆದಿದ್ದು ಆವಾಗ. ಅವರಿಗೆ ಐದು ವರ್ಷ ತಡವಾಯ್ತು.

ಮನೆಯ ನೆನಪು ಯಾರ ಕಡೆ?

ನಮ್ಮಜ್ಜ ಯಾವತ್ತೂ ಹೇಳ್ತಿದ್ದಿದ್ದು “ನಾನು ಯುವ ಸಂವತ್ಸರದವನು” ಅಂತ. ವೋಟರ್ ಐಡಿಯಲ್ಲೂ 1935. ಅವರ ಶಾಲೆಯ ಟಿ.ಸಿ.ಯಲ್ಲಿ ಮಾತ್ರ 1938 ಅಂತ ಇದೆ. ಅದನ್ನ ಮನೆಯಲ್ಲಿ ಯಾರೂ ಗಂಭೀರವಾಗಿ ತಗೊಂಡಿರಲಿಲ್ಲ. ಮೇಷ್ಟ್ರು ಅಂದಾಜಿಗೆ ಬರೆದಿದ್ದು ಅಂತ ಬಿಟ್ಟಿದ್ರು. ಆ ಕಾಲದ ಮೇಷ್ಟ್ರುಗಳು ಹಾಗೆ ಬರೀತಿದ್ದಿದ್ದೂ ನಿಜ, ಹಾಗಾಗಿ ಟಿ.ಸಿ. ಒಂದನ್ನೇ ಇಟ್ಕೊಂಡು ಏನೂ ಸಾಬೀತು ಮಾಡೋಕಾಗಲ್ಲ.

ನನ್ನನ್ನ ತಡೆದು ನಿಲ್ಲಿಸಿದ್ದು ಬೇರೆ ವಿಷಯ. ‘ಯುವ ಸಂವತ್ಸರ’ ಅನ್ನೋದು ನಮ್ಮನೆಯ ನೆನಪು ಅಂದ್ಕೊಂಡಿದ್ವಿ. ಅದು ಪ್ರತಿವಾದಿಯ ಜವಾಬು. ಒಂದು ಕೇಸಿಗೋಸ್ಕರ ಹೇಳಿದ ಮಾತು, ಕೇಸು ಮುಗಿದ ಮೇಲೂ ಮನೆಯಲ್ಲಿ ಉಳ್ಕೊಂಡು, ಮಗನಿಗೆ ಬಂದು, ಮೊಮ್ಮಕ್ಕಳಿಗೆ ಬಂದು, 80 ವರ್ಷದಲ್ಲಿ ಸತ್ಯ ಆಗಿಬಿಟ್ಟಿದೆ. ‘ಮನೆ ಒಡೆದವಳು’ ಅನ್ನೋದೂ ಹಾಗೇ. ಅವರ ಕಡೆ ಹೇಳೋಕೆ ಮಕ್ಕಳಿರಲಿಲ್ಲ, ಮೊಮ್ಮಕ್ಕಳಿರಲಿಲ್ಲ. ನಾವು ಮುತ್ತಜ್ಜನ ಕಡೆಯವರು, ನಮಗೆ ಬಂದಿದ್ದು ಮುತ್ತಜ್ಜನ ಕಡೆಯ ಕಥೆ.

ಇದು ನಮ್ಮನೆಯ ವಿಷಯ ಮಾತ್ರ ಅಲ್ಲ. ಯಾವ ಮನೆಯಲ್ಲೂ ಉಳಿಯೋದು ಆಸ್ತಿಯ ಜೊತೆ ಉಳಿದವರ ಮಾತು. ಆಸ್ತಿ ಬಿಟ್ಟು ಹೋದವರು, ವಂಶ ನಿಂತುಹೋದವರು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ಇವರ ಮಾತು ಮನೆಯಲ್ಲಿ ಉಳಿಯಲ್ಲ. ಕೋರ್ಟಿನ ತೀರ್ಪಿನಲ್ಲಿ ಮಾತ್ರ ನಿಯಮದ ಪ್ರಕಾರ ಎರಡೂ ಕಡೆ ಬರೀಲೇಬೇಕು. ವಾದಿ ಹೀಗಂತಾರೆ, ಪ್ರತಿವಾದಿ ಹೀಗಂತಾರೆ. ಕೋರ್ಟಿನಲ್ಲೂ ಜನ ಸುಳ್ಳು ಹೇಳ್ತಾರೆ, ವಕೀಲರು ಬರೆಸಿದ್ದನ್ನ ಹೇಳ್ತಾರೆ, ತೀರ್ಪೇ ತಪ್ಪಾಗಿರಬಹುದು. ಆದ್ರೂ ಸೋತವರ ಮಾತು ಅಲ್ಲಿ ಕಾಗದದ ಮೇಲೆ ಇರುತ್ತೆ. ಕುಟುಂಬದ ಇತಿಹಾಸಕ್ಕೆ ತೀರ್ಪಿನಷ್ಟು ಒಳ್ಳೇ ದಾಖಲೆ ಇಲ್ಲ ಅಂತ ನಾನು ಹೇಳೋದು ಇದಕ್ಕೇ.

ಇನ್ನೊಂದು ಲಾಭ. ವಿಭಾಗದ ದಾವೆಯಲ್ಲಿ ಯಾರಿಗೆ ಎಷ್ಟು ಪಾಲು ಅಂತ ಲೆಕ್ಕ ಹಾಕೋಕೆ ವಂಶವೃಕ್ಷ ಬೇಕೇ ಬೇಕು. ಹಾಗಾಗಿ ತೀರ್ಪಿನ ಮೊದಲ ಪುಟಗಳಲ್ಲೇ ವಂಶವೃಕ್ಷ ಸಿಗುತ್ತೆ. ನಮಗೆ ಮುತ್ತಜ್ಜನ ತಾತನ ಹೆಸರು ಸಿಕ್ಕಿದ್ದು ಅಲ್ಲೇ. ಜಗಳ ಆಡದೆ ಚೆನ್ನಾಗಿದ್ದ ಮನೆಗಳಿಗೆ ಈ ಭಾಗ್ಯ ಇಲ್ಲ, ನೋಡಿ!

ಜಮೀನು ಇಲ್ಲದವರು ಎಲ್ಲಿ ಸಿಗ್ತಾರೆ?

“ನಮ್ಮದು ಜಮೀನೇ ಇರಲಿಲ್ಲ, ನಾವೇನು ಹುಡುಕೋದು?” ಇದು ನನ್ನ ಫ್ರೆಂಡ್ ಕೇಳಿದ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಖಾತೆ ಇದ್ದವರ ಹೆಸರು ಮಾತ್ರ ಬರೆಯೋ ಪುಸ್ತಕದಲ್ಲಿ ಉಳಿದವರು ಇರಲ್ಲ. ಆದ್ರೂ ಕೆಲವು ಬಾಗಿಲುಗಳಿವೆ.

ಮೊದಲನೇದು, ಆಗ ಹೇಳಿದ 12ನೇ ಕಲಂ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣೆ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯ್ತು. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದ ಗೇಣಿದಾರರು ಫಾರಂ 7 ಹಾಕಿ ಒಡೆತನ ಕೇಳೋ ಹಾಗಾಯ್ತು. ತಾಲ್ಲೂಕಿಗೆ ತಾಲ್ಲೂಕಿಗೆ ಭೂ ನ್ಯಾಯಮಂಡಳಿ ಕೂತ್ವು. ನಿಮ್ಮಜ್ಜ ಗೇಣಿದಾರರಾಗಿದ್ರೆ ಆ ಕಡತದಲ್ಲಿ ಅವರ ಹೇಳಿಕೆ ಇರಬಹುದು. ಎಷ್ಟು ವರ್ಷದಿಂದ ಉಳುತ್ತಿದ್ದೆ, ಎಷ್ಟು ಪಲ್ಲ ಗೇಣಿ ಅಳೀತಿದ್ದೆ, ಅಪ್ಪನ ಕಾಲದಲ್ಲಿ ಯಾರಿದ್ರು ಅಂತ ಅವರೇ ಹೇಳಿರೋದು. ಮಂಡಳಿ ಆದೇಶದ ಮೇಲೆ ಹೈಕೋರ್ಟಿಗೆ ಹೋದ ಕೇಸುಗಳು ಸಾವಿರಾರು. ಅವುಗಳಲ್ಲಿ ಬಹಳಷ್ಟು ಆನ್‌ಲೈನ್‌ನಲ್ಲೇ ಓದೋಕೆ ಸಿಗುತ್ತೆ.

ಎರಡನೇದು, ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಕೊಟ್ಟಿದ್ದ ಇನಾಂ ಜಮೀನು. 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆಗಳು ರದ್ದಾದಾಗ ಶಾನುಭೋಗ, ಪಟೇಲರ ಜೊತೆ ಇವರಿಗೂ ಜಮೀನು ಮರುಮಂಜೂರಾಯ್ತು. ಆ ಆದೇಶಗಳಲ್ಲಿ ಯಾರ ಮನೆತನ ಆ ಕೆಲಸ ಮಾಡ್ತಿತ್ತು ಅನ್ನೋ ವಿವರ ಇದೆ.

ಮೂರನೇದು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನನ್ನ ಬೇರೆಯವರು ಕೊಂಡಿದ್ರೆ ವಾಪಸ್ ಕೊಡಿಸೋ 1978ರ ಕಾಯ್ದೆ. ಜನ ಪಿ.ಟಿ.ಸಿ.ಎಲ್. ಅಂತಾರೆ. ಈ ಕೇಸುಗಳಲ್ಲಿ ಮೊದಲ ಪ್ರಶ್ನೆಯೇ ಯಾರಿಗೆ, ಯಾವ ದಿನ, ಯಾವ ಷರತ್ತಿನ ಮೇಲೆ ಮಂಜೂರಾಯ್ತು ಅನ್ನೋದು. ನನ್ನ ಫ್ರೆಂಡ್‌ಗೆ ತನ್ನ ಮುತ್ತಜ್ಜನ ಹೆಸರು ಸಿಕ್ಕಿದ್ದು ಅಂಥ ಒಂದು ಆದೇಶದಲ್ಲಿ. ಜಮೀನು ಅವರ ಕೈಗೆ ವಾಪಸ್ ಬರಲಿಲ್ಲ. ಹೆಸರು ಬಂತು.

ನಾಲ್ಕನೇದು ನನಗೆ ಬಹಳ ಇಷ್ಟ: ಚಕ್ಕುಬಂದಿ. ಯಾವುದೇ ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರ ಮನೆ ಅಂತ ಬರೆದಿರ್ತಾರೆ. ನಿಮ್ಮವರ ಹೆಸರಲ್ಲಿ ಕಾಗದ ಇಲ್ಲದಿದ್ರೂ ಪಕ್ಕದವರ ಕಾಗದದ ಚಕ್ಕುಬಂದಿಯಲ್ಲಿ ಅವರ ಹೆಸರು ಇರಬಹುದು.

ನೀವು ಹುಡುಕೋದಾದ್ರೆ

ನಿಮ್ಮೂರು ಯಾವ ಭಾಗದ್ದು ಅನ್ನೋದು ಮುಖ್ಯ. 1956ಕ್ಕೆ ಮುಂಚೆ ಕರ್ನಾಟಕ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿತ್ತು, ದಾಖಲೆಗಳೂ ಹಾಗೇ. ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಬಾಂಬೆ ಪ್ರಾಂತ್ಯ. ಅಲ್ಲಿ ಪಹಣಿಗೆ ಉತಾರ ಅಂತಾರೆ, ಹಳೇ ಕಾಗದ ಮೋಡಿ ಲಿಪಿಯಲ್ಲಿರಬಹುದು, ವತನದ ಜಗಳಗಳು ಜಾಸ್ತಿ. ಕಲಬುರಗಿ, ಬೀದರ್, ರಾಯಚೂರು ಕಡೆ ಹೈದರಾಬಾದ್ ನಿಜಾಮರ ಆಡಳಿತ, ದಾಖಲೆ ಉರ್ದುವಿನಲ್ಲಿ. ಮಂಗಳೂರು, ಉಡುಪಿ ಕಡೆ ಮದ್ರಾಸ್ ಪ್ರಾಂತ್ಯ. ಅಲ್ಲಿ ಅಳಿಯಸಂತಾನದ ಕುಟುಂಬಗಳ ಕೇಸುಗಳಲ್ಲಿ ವಂಶ ಲೆಕ್ಕ ಹಾಕೋದೇ ತಾಯಿಯ ಕಡೆಯಿಂದ, ಹಾಗಾಗಿ ನಮ್ಮ ಕಡೆ ಸಿಗದ ಅಜ್ಜಿಯರ ಹೆಸರುಗಳು ಅಲ್ಲಿ ಸಾಲಾಗಿ ಸಿಗುತ್ವೆ. ಬಾಂಬೆ, ಮದ್ರಾಸ್ ಹೈಕೋರ್ಟುಗಳಿಂದ ಕೆಲವು ಕೇಸುಗಳು ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿವೆ. ಹಳೇ ಮೈಸೂರಿನವರಿಗೆ 1884ರಿಂದ ಚೀಫ್ ಕೋರ್ಟ್, 1930ರಿಂದ ಮೈಸೂರು ಹೈಕೋರ್ಟ್.

ಕ್ರಮ ಹೀಗಿರಲಿ. ಇವತ್ತಿನ ಪಹಣಿ, ಅದರಿಂದ ಎಂ.ಆರ್. ನಂಬರ್, ಅದರಿಂದ ಕೈಬರಹದ ಪಹಣಿ, ಅದರಿಂದ ಹಳೇ ಪುಸ್ತಕಗಳು. ಎಲ್ಲಾದ್ರೂ ‘ದಾವಾ’, ‘ಡಿಕ್ರಿ’, ‘ರಾಜಿ’ ಅನ್ನೋ ಪದ ಕಂಡ್ರೆ ಅಲ್ಲೇ ನಿಂತು ನಂಬರ್ ಬರ್ಕೊಳ್ಳಿ. ಇಂಡಿಯನ್ ಕಾನೂನ್ ಥರದ ವೆಬ್‌ಸೈಟ್‌ಗಳಲ್ಲಿ ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳನ್ನ ಊರಿನ ಹೆಸರು ಹಾಕಿ ಹುಡುಕಿ. ಇಂಗ್ಲಿಷ್ ಸ್ಪೆಲಿಂಗ್ ನಾಲ್ಕೈದು ಥರ ಬದಲಿಸಿ ನೋಡಿ, ಯಾಕಂದ್ರೆ ಹಳೇ ಗುಮಾಸ್ತರು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಹಳೇ ಮುನ್ಸೀಫ್ ಕೋರ್ಟಿನ ತೀರ್ಪು ಅಲ್ಲಿ ಸಿಗಲ್ಲ, ಅದಕ್ಕೆ ಆಯಾ ಕೋರ್ಟಿಗೇ ಹೋಗಬೇಕು. ರೆಕಾರ್ಡ್ ರೂಮಿನ ಹಳೇ ಕಾಗದಗಳನ್ನ ಸ್ಕ್ಯಾನ್ ಮಾಡೋ ಕೆಲಸವನ್ನ ಸರ್ಕಾರ ಈಗ ‘ಭೂ ಸುರಕ್ಷಾ’ ಅಂತ ನಡೆಸ್ತಿದೆ. ಅದು ಮುಗಿಯೋವರೆಗೂ ಗೆದ್ದಲು ಕಾಯಲ್ಲ, ಬೇಗ ಹೋಗಿ.

ಮನೆಯವರಿಗೆ ಮೊದಲೇ ಹೇಳಿ ಹೋಗಿ. ಸಿಕ್ಕಿದ್ದನ್ನ ಎಲ್ಲರಿಗೂ ಓದಿ ಹೇಳಿ.

ನಾನು ಓದಿದೆ. ಪೌತಿ ಖಾತೆಗೆ ಅಂತ ಎಲ್ಲರೂ ಸೇರಿದ್ದ ದಿನ. ಹಕ್ಕು ಖುಲಾಸೆ ಪತ್ರ ರೆಡಿ ಇತ್ತು, ಮೂವರು ಅತ್ತೆಯರು ಸೈನ್ ಹಾಕೋದು, ಅವರಿಗೆ ಅರಿಶಿನ ಕುಂಕುಮ, ಒಂದೊಂದು ಸೀರೆ ಕೊಡೋದು ಅಂತ ಮಾತಾಗಿತ್ತು. ಕಾನೂನಿನಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಬಹಳ ಮನೆಗಳಲ್ಲಿ ಅದು ಈ ಪತ್ರದವರೆಗೆ ಬಂದು ನಿಲ್ಲುತ್ತೆ. ನಾನು ತೀರ್ಪನ್ನ ಕನ್ನಡದಲ್ಲಿ ಹೇಳ್ತಾ ಹೋದೆ. ಸೂಲಗಿತ್ತಿಯ ಮಾತು ಬಂದಾಗ ಯಾರೂ ಉಸಿರೆತ್ತಲಿಲ್ಲ. ಮುಗಿದ ಮೇಲೆ ದೊಡ್ಡಪ್ಪ “ಆಗಿದ್ದು ಆಗಿಹೋಯ್ತು ಬಿಡಮ್ಮ” ಅಂದ್ರು. ದೊಡ್ಡತ್ತೆ ಮಾತ್ರ ಕೇಳಿದ್ರು: “ಆಯಮ್ಮನ ಹೆಸರು ಏನಂದೆ? ಇನ್ನೊಂದ್ಸಲ ಹೇಳು.” ಹೇಳಿದೆ. ಅವರು ಪೆನ್ನು ಕೆಳಗಿಟ್ಟು, “ನಂದು ಇವತ್ತೇ ಸೈನ್ ಬೇಡ, ನಾನು ಸ್ವಲ್ಪ ಯೋಚನೆ ಮಾಡ್ತೀನಿ” ಅಂದ್ರು. ಇನ್ನೂ ಯೋಚನೆ ಮಾಡ್ತಿದ್ದಾರೆ. ಮನೆಯಲ್ಲಿ ಸ್ವಲ್ಪ ಬಿಸಿ ಇದೆ, ಆದ್ರೆ ಮಾತು ಬಿಟ್ಟಿಲ್ಲ. ಅತ್ತೆ ಏನು ತೀರ್ಮಾನ ಮಾಡಿದ್ರೂ ಅದು ಅವರದ್ದು.

ನಾವು ಬರೆಸಿದ ವಂಶವೃಕ್ಷದಲ್ಲಿ ಮುತ್ತಜ್ಜನ ತಮ್ಮನ ಹೆಸರಿನ ಪಕ್ಕ ಈಗ ಒಂದು ಹೆಸರು ಇದೆ. ಅದನ್ನ ಹಾಕೋದ್ರಿಂದ ಯಾರಿಗೂ ಒಂದು ಗುಂಟೆ ಹೆಚ್ಚು ಕಡಿಮೆ ಆಗಲ್ಲ. ಕಾನೂನಿಗೆ ಅದು ಬೇಕಾಗಿರಲಿಲ್ಲ, ನಮಗೆ ಬೇಕಿತ್ತು.

ಈ ವಾರ ನೀವು ಮಾಡಬೇಕಾದ ಕೆಲಸ ಒಂದೇ. ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೋ ಅವರಿಗೆ ಫೋನ್ ಮಾಡಿ, ನಮ್ಮ ಮನೆತನದಲ್ಲಿ ಕೋರ್ಟಿಗೆ ಹೋದವರು ಯಾರಾದ್ರೂ ಇದ್ರಾ ಅಂತ ಕೇಳಿ. ಬೈದ್ರೂ ಪರವಾಗಿಲ್ಲ, ಏನಂತ ಬೈತಾರೆ ಅನ್ನೋದನ್ನ ಬರ್ಕೊಳ್ಳಿ. ಸಿಕ್ಕಿದ್ದನ್ನ ನನಗೂ ವಾಯ್ಸ್ ಮೆಸೇಜ್ ಮಾಡಿ.